ನಂಬದವಳಿಗೆ ಸಿಕ್ಕ ನಕ್ಷೆ

ಬಾಲ್ಟಿಕ್ ಕಡಲ ದಂಡೆಯ ಪೀನೆಮ್ಯುಂಡೆಯಲ್ಲಿ ಹಿಟ್ಲರನ ಎಂಜಿನಿಯರುಗಳು ಹೊಸ ಅಸ್ತ್ರಗಳನ್ನು ತಯಾರಿಸುತ್ತಿದ್ದಾರೆಂಬ ಗುಟ್ಟು ಒಂದೇ ಬಾಯಿಂದ ಹೊರಬಿದ್ದದ್ದಲ್ಲ. ವಿಮಾನದಿಂದ ತೆಗೆದ ಫೋಟೋಗಳಿದ್ದವು, ಸೆರೆಸಿಕ್ಕ ಜರ್ಮನ್ ಸೇನಾನಿಗಳು ತಮ್ಮೊಳಗೆ ಆಡಿಕೊಂಡ ಮಾತುಗಳಿದ್ದವು. ಆದರೆ ಒಳಮನೆಯ ವಿವರ ತಂದುಕೊಟ್ಟವಳು ಪ್ಯಾರಿಸ್ಸಿನ ದುಭಾಷಿಯೊಬ್ಬಳು, ಜಾನಿ ರೂಸೋ. 1943ರಲ್ಲಿ ಆಕೆಗೆ 24 ವರ್ಷ.

ಜರ್ಮನ್ ಭಾಷೆ ನೀರು ಕುಡಿದಷ್ಟು ಸಲೀಸು. 1940ರಲ್ಲಿ ಜರ್ಮನರು ಫ್ರಾನ್ಸಿನ ಬ್ರಿಟನಿ ಕರಾವಳಿಯ ದಿನಾರ್‌ಗೆ ಬಂದಿಳಿದಾಗ ಅಲ್ಲಿನ ಆಡಳಿತದ ಪರವಾಗಿ ಅವರೊಡನೆ ಮಾತಾಡುವ ಕೆಲಸ ಆಕೆಗೇ ಬಂತು. ಕೇಳಿದ್ದನ್ನೆಲ್ಲ ಗುಟ್ಟಾಗಿ ಬ್ರಿಟಿಷರಿಗೆ ತಲುಪಿಸಿದಳು. 1941ರ ಜನವರಿಯಲ್ಲಿ ಬಂಧನವಾಯಿತು. ಇಂಥ ಹುಡುಗಿ ಗೂಢಚಾರಿಣಿಯೇ, ಸಾಧ್ಯವಿಲ್ಲ ಎಂದು ವಾದಿಸಿದವರು ಆಕೆಯ ಪರಿಚಯದ ಜರ್ಮನ್ ಅಧಿಕಾರಿಗಳೇ! ಕರಾವಳಿ ಬಿಟ್ಟು ಹೋಗು ಎಂದಷ್ಟೇ ಹೇಳಿ ಕಳಿಸಿದರು.

ಪ್ಯಾರಿಸ್ಸಿನಲ್ಲಿ ಆಕೆಗೆ ಸಿಕ್ಕ ಹೊಸ ಕೆಲಸವೂ ಜರ್ಮನ್ ಸೇನಾ ಕಚೇರಿಗೆ ಓಡಾಡುವಂಥದ್ದೇ. ರೈಲಿನಲ್ಲಿ ಎದುರಾದ ಹಳೆಯ ಪರಿಚಯದ ಜಾರ್ಜ್ ಲಮಾರ್ಕ್ ಗುಪ್ತಜಾಲವೊಂದನ್ನು ಕಟ್ಟುತ್ತಿದ್ದ. ಬರುತ್ತೀಯಾ ಎಂದ. ಬಂದಳು. ಆಮ್ನಿಯಾರಿಕ್ಸ್ ಎಂಬುದು ಆಕೆಯ ಗುಪ್ತನಾಮವಾಯಿತು.

ಆಕೆ ಬೀಗ ಮುರಿಯಲಿಲ್ಲ, ಕಾಗದ ಕದಿಯಲಿಲ್ಲ. ಸಂಜೆ ಅಧಿಕಾರಿಗಳು ಕುಡಿಯುತ್ತ ಹರಟುವಾಗ ಜೊತೆಗಿರುತ್ತಿದ್ದಳು. ಬಲುದೂರ ಹಾರುವ, ವಿಮಾನಕ್ಕಿಂತ ಎಷ್ಟೋ ವೇಗದ ಅಸ್ತ್ರದ ಮಾತು ಬಂದಾಗಲೆಲ್ಲ ಕಣ್ಣರಳಿಸಿ, ನಿಮಗೆಲ್ಲೋ ಹುಚ್ಚು ಎಂದು ನಗುತ್ತಿದ್ದಳು. ಜಂಬ ಕೊಚ್ಚುವವನನ್ನು ನಂಬಿಬಿಟ್ಟರೆ ಮಾತು ಅಲ್ಲಿಗೇ ಮುಗಿಯಿತು; ನಂಬದಿದ್ದರೆ ಸಾಕ್ಷಿ ಹುಡುಕಿಕೊಂಡು ಹೋಗುತ್ತಾನೆ. ಕೊನೆಗೊಬ್ಬ ರಾಕೆಟ್ಟಿನ ನಕ್ಷೆಯನ್ನೇ ತಂದು ಮುಂದೆ ಹರವಿದ.

ಆಕೆಗೆ ರಾಕೆಟ್ ವಿಜ್ಞಾನದ ಗಂಧವಿರಲಿಲ್ಲ. ಆದರೆ ಕೇಳಿದ್ದು ಕೇಳಿದಂತೆ, ಕಂಡದ್ದು ಕಂಡಂತೆ ನೆನಪಿನಲ್ಲಿ ಉಳಿಯುತ್ತಿತ್ತು. ಲಮಾರ್ಕ್‌ನ ಗುಪ್ತ ಮನೆಗೆ ಹೋಗಿ ಎಲ್ಲವನ್ನೂ ಬರೆದಿಡುತ್ತಿದ್ದಳು. ಅರ್ಥವಾಗದ್ದನ್ನು ತಿದ್ದಿ ಬರೆಯದೇ ಇದ್ದದ್ದೇ ಒಳ್ಳೆಯದಾಯಿತು ಎಂದು ನನಗನ್ನಿಸುತ್ತದೆ. 1943ರಲ್ಲಿ ಲಂಡನ್ನಿಗೆ ತಲುಪಿದ ವರದಿಯಲ್ಲಿ ಮುಂದೆ ವಿ-1, ವಿ-2 ಎಂದು ಹೆಸರಾದ ಎರಡು ಬೇರೆಬೇರೆ ಅಸ್ತ್ರಗಳ ಸುದ್ದಿ ಕಲಸಿಹೋಗಿತ್ತು. ಆದರೆ ಉಡಾವಣಾ ಪಡೆಯ ನಾಯಕ ಕರ್ನಲ್ ವಾಖ್ಟೆಲ್ ಎಂಬವನ ಹೆಸರು, ಉಡಾವಣೆಯ ನೆಲೆಗಳ ಯೋಜನೆ ಎಲ್ಲವೂ ಇದ್ದವು. ಬ್ರಿಟಿಷ್ ಗುಪ್ತಚರ ವಿಜ್ಞಾನಿ ಆರ್. ವಿ. ಜೋನ್ಸ್ ಅದನ್ನು ಓದಿ, ಇದನ್ನು ಕಳಿಸಿದವರು ಯಾರು ಎಂದು ವಿಚಾರಿಸಿದರು. ಅಸಾಧಾರಣ ಹೆಣ್ಣುಮಗಳು ಎಂಬ ಉತ್ತರ ಬಂತು, ಹೆಸರು ಬರಲಿಲ್ಲ.

ಅದೇ ವರ್ಷ ಆಗಸ್ಟ್ 17ರ ರಾತ್ರಿ ಸುಮಾರು 600 ಬ್ರಿಟಿಷ್ ಬಾಂಬರುಗಳು ಪೀನೆಮ್ಯುಂಡೆಯ ಮೇಲೆರಗಿದವು. ಈ ದಾಳಿಯ ಕೀರ್ತಿಯನ್ನು ಪೂರ್ತಿ ಆಕೆಗೇ ಕಟ್ಟುವ ಬರಹಗಳುಂಟು, ಅದು ಅತಿಯಾಯಿತು.

1944ರಲ್ಲಿ ಲಂಡನ್ನಿಗೆ ಹೊರಟಿದ್ದವಳು ಬ್ರಿಟನಿಯ ತೀರದಲ್ಲಿ ಸಿಕ್ಕಿಬಿದ್ದಳು. ರಾವೆನ್ಸ್‌ಬ್ರೂಕ್ ಸೆರೆಶಿಬಿರಕ್ಕೆ ಸಾಗಿಸಿದರು. ಆಕೆ ಅಲ್ಲಿ ಹೇಳಿದ್ದು ಒಂದು ಹೆಸರು, ಕಡತದಲ್ಲಿದ್ದದ್ದು ಇನ್ನೊಂದು. ಎರಡನ್ನೂ ಯಾರೂ ತಾಳೆ ನೋಡಲಿಲ್ಲ, ಹಾಗಾಗಿ ಆಕೆ ಯಾರೆಂಬುದು ಗೊತ್ತಾಗಲಿಲ್ಲ. ಟೋರ್ಗಾವಿನ ಮದ್ದುಗುಂಡಿನ ಕಾರ್ಖಾನೆಗೆ ಹಾಕಿದಾಗ, ನಾವು ಯುದ್ಧಕೈದಿಗಳು, ಈ ಕೆಲಸ ಮಾಡುವುದಿಲ್ಲ ಎಂದು ಪಟ್ಟುಹಿಡಿದಳು.