ಹಂದರದ ಹೂವು ತಿಪ್ಪೆ ಸೇರಬೇಕಾದರೆ

ಶಹಾಪುರ ತಾಲೂಕಿನ ವನದುರ್ಗದಂಥ ಊರಿನಲ್ಲಿ ಮದುವೆ ಹಂದರದ ಮಾವಿನ ತೋರಣ, ಬಾಳೆಕಂಬ, ಚೆಂಡುಹೂವಿನ ಮಾಲೆ ಯಾವುದೂ ಕಸವಲ್ಲ. ತಿಪ್ಪೆಗೆ ಬಿದ್ದರೆ ಹೊಲಕ್ಕೆ ಗೊಬ್ಬರ. ಅವನ್ನು ಕಸ ಮಾಡುವುದು ಹೂವಿನ ಹಿಂದೆ ಅಡಗಿರುವ ಸಾಮಾನು: ನೈಲಾನ್ ದಾರ, ಥರ್ಮಾಕೋಲ್, ತಂತಿ, ಹಸಿರು ಫೋಮ್.

ಎಲ್ಲಕ್ಕಿಂತ ಕೆಟ್ಟದ್ದು ಈ ಫೋಮ್. 1954ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಇದು ಫೀನಾಲ್–ಫಾರ್ಮಾಲ್ಡಿಹೈಡ್ ಪ್ಲಾಸ್ಟಿಕ್. ನೀರು ಹೀರಿಕೊಂಡು, ಚುಚ್ಚಿದ ದಂಟಿಗೆ ಸ್ವಲ್ಪ ಸ್ವಲ್ಪವೇ ಕೊಡುತ್ತದೆ. ತೂತು ಬಿದ್ದ ಮೇಲೆ ಮತ್ತೆ ಬಳಸಲು ಬಾರದು. ಕೈಯಲ್ಲಿ ಒತ್ತಿದರೆ ಪುಡಿಯಾಗುತ್ತದೆ, ಆ ಪುಡಿ ಕೊಳೆಯದೆ ಮಣ್ಣು–ನೀರಿನಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ಕಾಗಿ ಉಳಿಯುತ್ತದೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಇದನ್ನು ನಿಷೇಧಿಸಿತು.

ಅದರ ಕೆಲಸವನ್ನು ಬಾಳೆದಿಂಡು ಮಾಡಬಲ್ಲದು. ದಿಂಡಿನ ತೂಕದಲ್ಲಿ ಬಹುಪಾಲು ನೀರೇ. ಪದರು ಪದರಾದ ಗೂಡುಗಳಲ್ಲಿ ಅದು ನಿಂತಿರುತ್ತದೆ. ಗೊನೆ ಕೊಯ್ದ ಗಿಡವನ್ನು ಹೇಗೂ ಕಡಿಯಬೇಕು, ಅದರ ದಿಂಡನ್ನೇ ತನ್ನಿ. ಗೇಣುದ್ದದ ತುಂಡು ಮಾಡಿ, ಬಿದಿರ ಕಡ್ಡಿಯಿಂದ ಮೊದಲು ತೂತು ಹಾಕಿ, ಆಮೇಲೆ ಓರೆಯಾಗಿ ಕತ್ತರಿಸಿದ ದಂಟನ್ನು ಇಳಿಸಬೇಕು. ನೇರವಾಗಿ ಚುಚ್ಚಿದರೆ ಜರ್ಬೆರಾದಂಥ ಮೆದು ದಂಟು ಮುರಿಯುತ್ತದೆ. ಒಂದು ಎಚ್ಚರ: ಬಾಳೆಯ ಸೊನೆಯ ಕಲೆ ಬಟ್ಟೆಯಿಂದ ಹೋಗುವುದಿಲ್ಲ. ಕತ್ತರಿಸಿದ ತುಂಡನ್ನು ತೊಳೆದು, ಸೊನೆ ಸೋರುವುದು ನಿಂತ ಮೇಲೆ ಸ್ಟೇಜಿಗೆ ತನ್ನಿ. ಮದುಮಗಳ ಸೀರೆಗೆ ತಾಗುವಲ್ಲಿ ಇಡಲೇಬೇಡಿ. ಹೆಚ್ಚು ನೀರು ಬೇಡುವ ಹೂವಿಗೆ ಅಗಲ ಬಾಯಿಯ ಗಡಿಗೆಯಲ್ಲಿ ಕೋಳಿಜಾಲರಿ ಸುರುಳಿ ಮಾಡಿ ತುರುಕಿ ನೀರು ತುಂಬಿದರೆ ಸಾಕು. ಆ ಜಾಲರಿ ಮುಂದಿನ ಮದುವೆಗಳಿಗೂ ಬರುತ್ತದೆ.

ದಾರದ ವಿಷಯ ಸುಲಭ. ಹೂಗಾರರಿಗೆ ಮುಂಗಡ ಕೊಡುವಾಗಲೇ ಬಾಳೆನಾರು ಇಲ್ಲವೇ ಹತ್ತಿ ನೂಲಿನಲ್ಲಿ ಕಟ್ಟಿಕೊಡಲು ಹೇಳಬೇಕು. ಹತ್ತಿ ಬೆಳೆಯುವ ಜಿಲ್ಲೆಯಲ್ಲಿ ನೈಲಾನ್ ಮಾಲೆ ಏಕೆ? ಬಿಸಾಡಿದ ಮಾಲೆಯನ್ನು ದನ ತಿಂದರೆ ಆ ದಾರ ಹೊಟ್ಟೆಯಲ್ಲಿ ಗಂಟಾಗುತ್ತದೆ. ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಅಲಂಕಾರದ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಲ್ಲೇ ನಿಷಿದ್ಧ. ಬಾಸಿಂಗ ಮಾಡುವ ಬೆಂಡು ಅಷ್ಟೇ ಬಿಳಿ, ಅಷ್ಟೇ ಹಗುರ. ನೀರಿನಲ್ಲಿ ಬೆಳೆಯುವ ಗಿಡದ ತಿರುಳಾದ್ದರಿಂದ ಕೊಳೆಯುತ್ತದೆ ಕೂಡ. ಬಾಸಿಂಗ ಕಟ್ಟುವ ಕುಶಲಕರ್ಮಿಗಳಿಗೇ ಸ್ಟೇಜಿನ ಹೂವು–ಬಳ್ಳಿಯ ಕೆಲಸವನ್ನೂ ಕೊಟ್ಟರೆ ಅವರ ಕಸುಬೂ ಉಳಿದೀತು.

ಹಂದರ ಬಿಚ್ಚುವಾಗ ಪಿನ್ನು, ಜರಿ, ತಂತಿ ಬೇರೆ ಮಾಡಿ. ಬಣ್ಣ ಅದ್ದಿದ ಸೇವಂತಿಯನ್ನು ಮೊದಲೇ ತರಿಸದಿರುವುದು ಒಳ್ಳೆಯದು. ಬರಿ ಹೂವು ಒಟ್ಟಿದರೆ ಗಾಳಿಯಾಡದೆ ನಾರುತ್ತದೆ. ಹೂವಿನ ಒಂದು ಪದರಿಗೆ ಅದರ ಎರಡರಷ್ಟು ಒಣ ಎಲೆ, ದನ ತಿಂದುಳಿಸಿದ ಕಣಿಕೆ ಹಾಕಿ, ಮೇಲೆ ಸಗಣಿ ರಾಡಿ ಚಿಮುಕಿಸಬೇಕು. ಬಾಳೆದಿಂಡನ್ನು ಕೊಚ್ಚಿ ಹಾಕಿ, ಇಡಿಯಾಗಿದ್ದರೆ ತಡವಾಗಿ ಕರಗುತ್ತದೆ. ಹಸಿ ಆರದಂತೆ ನೋಡಿಕೊಂಡು ಎರಡು ವಾರಕ್ಕೊಮ್ಮೆ ತಿರುವಿದರೆ ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ಬೇಸಿಗೆಯ ಮದುವೆಯಾದರೆ ತಿಪ್ಪೆಗೆ ನೆರಳು ಮಾಡುವುದನ್ನು ಮರೆಯಬೇಡಿ.