ತ್ರೀಫೇಸ್ ಬಂದೊಡನೆ ಎಲ್ಲ ಪಂಪ್‌ಸೆಟ್‌ಗಳೂ ಚಾಲನೆಗೊಳ್ಳಬೇಕೇ?

ಶ್ರೀರಾಮನಗರ ಭಾಗದ ಭತ್ತದ ಬೆಳೆಗಾರರೇ, ತ್ರೀಫೇಸ್ ವಿದ್ಯುತ್ ಬಂದ ಕ್ಷಣವೇ ಆಟೋ ಸ್ಟಾರ್ಟರ್ ಅಳವಡಿಸಿದ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಚಾಲನೆಗೊಳ್ಳುತ್ತವೆ. 5 ಅಶ್ವಶಕ್ತಿಯ ಹತ್ತು ಮೋಟಾರುಗಳ ಓಡುವ ಹೊರೆಯನ್ನು 63 ಕೆವಿಎ ಪರಿವರ್ತಕ ತಾಳಬಲ್ಲದು. ಆದರೆ ನೇರವಾಗಿ ಚಾಲೂ ಆಗುವಾಗ ಪ್ರತಿ ಮೋಟಾರು ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಕುಸಿದು ಫ್ಯೂಸ್ ಹೋಗುತ್ತದೆ, ಕೆಲವೊಮ್ಮೆ ವೈಂಡಿಂಗ್ ಸುಡುತ್ತದೆ. ತೆನೆ ಹೊರಡುವ ಹಂತದಲ್ಲಿ ಹೀಗಾದರೆ ಕಾಳು ಜೊಳ್ಳಾಗುತ್ತದೆ.

ಯುರೋಪಿನಲ್ಲಿ ಮನೆಗಳ ಹೀಟ್ ಪಂಪನ್ನು ಕೆಲಹೊತ್ತು ನಿಲ್ಲಿಸಿ ಜಾಲದ ಹೊರೆ ಇಳಿಸುತ್ತಾರೆ. ಗೋಡೆಯಲ್ಲಿ ಉಳಿದ ಶಾಖ ಮನೆಯನ್ನು ಬೆಚ್ಚಗಿಡುತ್ತದೆ. ನಮ್ಮಲ್ಲಿ ಆ ಕೆಲಸ ಗದ್ದೆಯದು. 5 ಸೆಂ.ಮೀ. ನೀರು ನಿಂತ ಕಪ್ಪುಮಣ್ಣಿನ ಗದ್ದೆ ಕೆಲವು ಗಂಟೆ ನಿರಾತಂಕವಾಗಿ ಕಾಯುತ್ತದೆ. ನಿಮಿಷಗಳ ಮಾತಂತೂ ಬೇಡ.

ಆದುದರಿಂದ ಒಂದೇ ಪರಿವರ್ತಕದ ರೈತರು ಕೂಡಿ ಸರದಿ ಗೊತ್ತುಪಡಿಸಿಕೊಂಡು, ಸ್ಟಾರ್ಟರಿಗೆ ಟೈಮರ್ ಅಳವಡಿಸಿ, ಮೋಟಾರಿನಿಂದ ಮೋಟಾರಿಗೆ ಎರಡು ನಿಮಿಷದ ಅಂತರವಿಡಬೇಕು. ತೆನೆ ಹೊರಡುತ್ತಿರುವ ಗದ್ದೆಗೆ ಮೊದಲ ಸರದಿ ಸಲ್ಲಬೇಕು.