ಮರ ಕೊಯ್ಯುವ ಯಂತ್ರಕ್ಕೆ ಬದಲಿ ಬಿಡಿಭಾಗ: ಎಲ್ಲಿ ಒಪ್ಪಬಹುದು, ಎಲ್ಲಿ ಒಪ್ಪಬಾರದು?

ಮಲೆನಾಡು ಮತ್ತು ಕೊಡಗಿನ ತೋಟಗಳಲ್ಲಿ ಮರಗಸಿಗೆ, ಸಿಲ್ವರ್ ಮರ ಕಡಿಯಲು, ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಉರುಳಿದ ಮರ ತೆಗೆಯಲು ಚೈನ್ ಸಾ ಯಂತ್ರ ಈಗ ಸಾಮಾನ್ಯವಾಗಿದೆ. ಕೆಲಸದ ಭರದಲ್ಲಿ ಯಂತ್ರ ನಿಂತು, ಮೆಕ್ಯಾನಿಕ್ ಬಿಚ್ಚಿ ನೋಡಿ 'ಬೋರ್ ಹೋಗಿದೆ' ಎಂದಾಗ ರೈತನ ಮುಂದೆ ಎರಡು ಡಬ್ಬಿಗಳು ಬರುತ್ತವೆ. ಒಂದು ಯಂತ್ರದ ಕಂಪನಿಯದು, ಇನ್ನೊಂದು ಅದಕ್ಕಿಂತ ಬಹಳ ಅಗ್ಗದ ಬದಲಿ ಮಾಲು. 'ಕಂಪನಿಯದೇ ಆಗಬೇಕು' ಎಂಬ ಮಾತೂ 'ಎಲ್ಲಾ ಒಂದೇ' ಎಂಬ ಮಾತೂ ಪೂರ್ತಿ ನಿಜವಲ್ಲ. ಯಾವ ಭಾಗ ಎಂಬುದರ ಮೇಲೆ ತೀರ್ಮಾನ ನಿಂತಿದೆ.

ಈ ಎರಡು ಸ್ಟ್ರೋಕಿನ ಇಂಜಿನ್ ನಿಮಿಷಕ್ಕೆ 12,000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 200 ಬಾರಿ ಪಿಸ್ಟನ್ ಮೇಲೆ ಹೋಗಿ ಕೆಳಗೆ ಬರುತ್ತದೆ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯ ಹೊರತು ಅದಕ್ಕೆ ಬೇರೆ ಜಿಡ್ಡಿಲ್ಲ. ಸಿಲಿಂಡರಿನ ಮೈ ಅಲ್ಯೂಮಿನಿಯಂ; ಒಳಗೋಡೆಗೆ ಮಾತ್ರ ಕ್ರೋಮ್ ಅಥವಾ ನಿಕಾಸಿಲ್ ಎಂಬ ಗಟ್ಟಿ ಲೇಪ ಇರುತ್ತದೆ. ನಿಕೆಲ್ ಮತ್ತು ಸಿಲಿಕಾನ್ ಕಾರ್ಬೈಡ್ ಕೂಡಿದ ಈ ನಿಕಾಸಿಲ್ ಅನ್ನು ಜರ್ಮನಿಯ ಮಾಲೆ ಕಂಪನಿ 1967ರಲ್ಲಿ ಬಳಕೆಗೆ ತಂದಿತು. ಇಂಜಿನ್ನಿನ ಆಯಸ್ಸು ಈ ತೆಳು ಲೇಪದ ಮೇಲೆ ನಿಂತಿದೆ.

ತೀರಾ ಅಗ್ಗದ ಸಿಲಿಂಡರುಗಳು ಸೋಲುವುದೂ ಇಲ್ಲಿಯೇ. ಲೇಪ ಸಮನಾಗಿರದೆ ಚಕ್ಕೆ ಏಳುತ್ತದೆ. ಗೋಡೆಯಲ್ಲಿರುವ ಕಿಂಡಿಗಳ ಅಂಚನ್ನು ಉಜ್ಜಿ ನಯಗೊಳಿಸದಿದ್ದರೆ ಪಿಸ್ಟನ್ ರಿಂಗ್ ಅದಕ್ಕೆ ಸಿಕ್ಕಿ ತುಂಡಾಗುತ್ತದೆ. ಕಿಂಡಿಗಳು ಕೂದಲೆಳೆಯಷ್ಟು ಆಚೀಚೆಯಾದರೂ ಯಂತ್ರದ ಶಕ್ತಿ ಕುಗ್ಗುತ್ತದೆ. ಪಿಸ್ಟನ್ ಪಿನ್ನನ್ನು ಹಿಡಿದಿಡುವ ಸರ್ಕ್ಲಿಪ್ಪಿಗೆ ಬೆಲೆ ಬಹಳ ಕಡಿಮೆ, ಆದರೆ ಸಡಿಲ ಕ್ಲಿಪ್ ಹಾರಿದರೆ ಹೊಸ ಬೋರ್ ಒಂದೇ ಗಳಿಗೆಯಲ್ಲಿ ಗೀಚಿ ಹಾಳಾಗುತ್ತದೆ. ಬದಲಿ ಕಿಟ್ ಕೊಂಡರೂ ಕ್ಲಿಪ್ಪನ್ನು ಮಾತ್ರ ಕಂಪನಿಯದೇ ಹಾಕಿಸುವುದು ಒಳ್ಳೆಯದು.

ಹಾಗೆಂದು ಬದಲಿ ಮಾಲೆಲ್ಲ ಕಳಪೆಯಲ್ಲ. ಯಂತ್ರ ತಯಾರಿಸುವ ಕಂಪನಿಗಳೂ ಎಲ್ಲ ಭಾಗಗಳನ್ನು ತಾವೇ ಮಾಡುವುದಿಲ್ಲ. ವಾಲ್‌ಬ್ರೋ, ಜಾಮಾ ಕಾರ್ಬುರೇಟರುಗಳು, ಎನ್.ಜಿ.ಕೆ., ಬಾಷ್ ಸ್ಪಾರ್ಕ್ ಪ್ಲಗ್ಗುಗಳು ಹಲವು ಹೆಸರಿನ ಯಂತ್ರಗಳಲ್ಲಿವೆ. ಇಟಲಿಯ ಮೀಟಿಯರ್ ಪಿಸ್ಟನ್, ಕೇಬರ್ ರಿಂಗುಗಳಿಗೆ ಬದಲಿ ಭಾಗಗಳಲ್ಲಿ ಒಳ್ಳೆಯ ಹೆಸರಿದೆ. ತನ್ನ ಹೆಸರು ಹಾಕಿಕೊಂಡು ಮಾರುವ ಬದಲಿ ಮಾಲು ಬೇರೆ, ಕಂಪನಿಯ ಡಬ್ಬಿಯನ್ನೇ ಅನುಕರಿಸಿದ ನಕಲಿ ಮಾಲು ಬೇರೆ. ಎರಡನೆಯದು ಶುದ್ಧ ಮೋಸ. ಹೆಸರೇ ಇಲ್ಲದ ಡಬ್ಬಿಯನ್ನೂ ದೂರವಿಡಬೇಕು.

ಹೆಚ್ಚಿನವರು ಮರೆಯುವ ಮೂರನೆಯ ದಾರಿಯೊಂದಿದೆ. ಇಂಜಿನ್ ಸೀಜ್ ಆದಾಗ ಹಲವು ಸಲ ಕೆಡುವುದು ಪಿಸ್ಟನ್ ಮಾತ್ರ. ಅದರ ಅಲ್ಯೂಮಿನಿಯಂ ಕರಗಿ ಸಿಲಿಂಡರಿನ ಗೋಡೆಗೆ ಮೆತ್ತಿಕೊಂಡಿರುತ್ತದೆ. ಅನುಭವಿ ಮೆಕ್ಯಾನಿಕ್ ಹತ್ತಿ ಸುತ್ತಿದ ಕಡ್ಡಿಯಿಂದ ಹೈಡ್ರೋಕ್ಲೋರಿಕ್ ಆಮ್ಲವನ್ನು ಮೆತ್ತಿದ ಜಾಗಕ್ಕಷ್ಟೇ ಹಚ್ಚಿ ಇದನ್ನು ತೆಗೆಯಬಲ್ಲ. ಅಲ್ಯೂಮಿನಿಯಂ ಇರುವವರೆಗೆ ಗುಳ್ಳೆ ಏಳುತ್ತದೆ, ಲೇಪ ಕಂಡಾಗ ನಿಲ್ಲುತ್ತದೆ. ನಿಲ್ಲದೇ ಹೋದರೆ ಲೇಪವೇ ಸವೆದಿದೆ ಎಂದು ತಿಳಿದು ತಕ್ಷಣ ನೀರಿನಿಂದ ತೊಳೆಯಬೇಕು. ಕೈಗವಸು, ಕನ್ನಡಕ ಮತ್ತು ಬಯಲು ಗಾಳಿ ಇಲ್ಲದೆ ಈ ಕೆಲಸ ಕೂಡದು. ಹೀಗೆ ಉಳಿದ ಕಂಪನಿಯ ಹಳೆಯ ಸಿಲಿಂಡರಿಗೆ ಒಳ್ಳೆಯ ಬದಲಿ ಪಿಸ್ಟನ್ ಹಾಕಿದರೆ, ಅಗ್ಗದ ಹೊಸ ಕಿಟ್ಟಿಗಿಂತ ಹೆಚ್ಚು ಬಾಳಿಕೆ ಬರುತ್ತದೆ.

ಭಾಗ ಯಾವುದೇ ಇರಲಿ, ಹಳೆಯದು ಹೋದ ಕಾರಣ ತಿಳಿಯದೆ ಹೊಸದನ್ನು ಹಾಕಬಾರದು. ಬಿಚ್ಚಿದ ಪಿಸ್ಟನ್ನನ್ನು ಕೇಳಿ ಪಡೆದು ನೋಡಬೇಕು. ಹೊಗೆ ಹೋಗುವ ಬದಿಯಲ್ಲಿ ಗೀರುಗಳಿದ್ದರೆ ಎಣ್ಣೆ ಸಾಲದೆ ಅಥವಾ ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿ ಇಂಜಿನ್ ಕಾದಿದೆ. ಗಾಳಿ ಒಳಬರುವ ಬದಿ ಸವೆದಿದ್ದರೆ ಫಿಲ್ಟರ್ ದಾಟಿ ಧೂಳು ಹೊಕ್ಕಿದೆ. ಕ್ರ್ಯಾಂಕಿನ ಆಯಿಲ್ ಸೀಲ್ ಅಥವಾ ಕಾರ್ಬುರೇಟರಿನ ಹಿಂದಿನ ರಬ್ಬರ್ ನಳಿಕೆ ಸೀಳಿ ಗಾಳಿ ಎಳೆಯುತ್ತಿದ್ದರೆ ಕಂಪನಿಯ ಪಿಸ್ಟನ್ನೂ ಸುಟ್ಟುಹೋಗುತ್ತದೆ. ಆಗ ಬೈಗುಳ ತಿನ್ನುವುದು ಮಾತ್ರ ಬಿಡಿಭಾಗದ ಅಂಗಡಿಯವನು!

ಸ್ಟಾರ್ಟರ್ ಹಗ್ಗ, ಹಿಡಿ, ಮೇಲಿನ ಕವರು, ಇವು ಬದಲಿಯಾದರೂ ಇಂಜಿನ್ನಿಗೆ ಹಾನಿಯಿಲ್ಲ. ಆಯಿಲ್ ಸೀಲ್, ಬೇರಿಂಗ್, ಕಾರ್ಬುರೇಟರಿನ ಪೊರೆ, ಏರ್ ಫಿಲ್ಟರುಗಳಲ್ಲಿ ಉಳಿತಾಯ ನೋಡಬಾರದು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಕಳಪೆ ರಬ್ಬರು ಬೇಗ ಕೆಡುತ್ತದೆ. ಇಂಜಿನ್ನಿಗೆ ಸೇರದಿದ್ದರೂ ಚೈನ್ ಬ್ರೇಕಿನ ಮಾತನ್ನು ಇಲ್ಲಿ ಹೇಳಲೇಬೇಕು: ಗರಗಸ ಹಿಂದಕ್ಕೆ ಮುಖದತ್ತ ಚಿಮ್ಮಿದಾಗ ಸರಪಳಿಯನ್ನು ನಿಲ್ಲಿಸುವುದು ಅದೊಂದೇ, ಅದರಲ್ಲಿ ಬದಲಿ ಬೇಡ.

ಹೊಸ ಪಿಸ್ಟನ್ ಕೂರಿಸುವ ಮೊದಲು ರಿಂಗನ್ನು ಬೋರಿನೊಳಗೆ ನೇರವಾಗಿ ತಳ್ಳಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಸಬೇಕು. ಎಣ್ಣೆ ಯಂತ್ರದ ಪುಸ್ತಕದಲ್ಲಿ ಹೇಳಿದ ಅಳತೆಯಲ್ಲಿಯೇ ಇರಲಿ. 50:1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಟೂ-ಸ್ಟ್ರೋಕ್ ಎಣ್ಣೆ. ಮೊದಲ ಮೂರು ಟ್ಯಾಂಕ್ ಮುಗಿಯುವವರೆಗೆ ಮರಕ್ಕೆ ತಾಗಿಸದೆ ಪೂರ್ತಿ ವೇಗದಲ್ಲಿ ಓಡಿಸಬಾರದು.